ಹೇಳಿದವರು: ತಾಯಿ

ಕೊನೇ ಜೀಪಿಂದ ಇಳಿದು ವಸಂತ ಮನೆ ಕಡೆ ನಡೀತಿದ್ದ. ಒಂಬತ್ತು ಗಂಟೆ ಆಗ್ತಾ ಬಂದಿತ್ತು. ಜನವರಿ. ಕಾಫಿ ಹಣ್ಣು ಕುಯ್ಯೋ ಕಾಲ. ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆದವನು ಆಳುಗಳು ಕುಯ್ದಿದ್ದನ್ನೆಲ್ಲ ಅಳೆಸಿ, ಸಿಪ್ಪೆ ಬಿಡಿಸೋ ಪಲ್ಪರ್ ಮಷೀನ್ ಹತ್ರ ಸುರಿಸಿ, ಸ್ಟೋರ್‌ಗೆ ಬೀಗ ಹಾಕಿ ಹೊರಡೋ ಹೊತ್ತಿಗೆ ಅಷ್ಟು ಹೊತ್ತಾಗೇ ಆಗ್ತದೆ. ವನಗೂರಿನ ಚಳಿ. ಬಾಯಿ ಬಿಟ್ರೆ ಹೊಗೆ. ಕೈಯಲ್ಲಿ ಮೊಬೈಲ್ ಟಾರ್ಚು, ಅದರಲ್ಲೂ ಚಾರ್ಜು ಮುಗೀತಾ ಬಂದಿತ್ತು.

ಈ ವಸಂತ ನನ್ನ ಸೋದರತ್ತೆ ಮಗ. ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಲಾರಿ, ಟಿಪ್ಪರ್ರು, ಹೋಟ್ಲು ಅಂತ ಊರೂರು ಅಲೆದವನು. ಅವನು ನಿಂತಲ್ಲೇ ನಿಂತವನು. ಸುಳ್ಳು ಹೇಳೋದಿದ್ರೆ ನಾನು ಹೇಳ್ತೀನಿ, ಅವನು ಹೇಳಲ್ಲ. ಅದಕ್ಕೇ ಇದನ್ನ ನಂಬ್ತೀನಿ.

ಮನೆಗೆ ಹೋಗೋ ದಾರಿಯಲ್ಲಿ ಅವರ ಹಳೇ ಬಾವಿ. ಅದು ವಸಂತನ ತಾಯಿ ಚೌಡಮ್ಮ ಸತ್ತ ಬಾವಿ. ಚೌಡತ್ತೆಗೆ ಕಿಡ್ನಿ ಹೋಗಿತ್ತು. ದಿನಕ್ಕೆ ಮೂರೇ ಲೋಟ ನೀರು ಅಂದಿದ್ರು ಡಾಕ್ಟ್ರು. ಜಾಸ್ತಿ ಕುಡಿದ್ರೆ ಕಾಲು ಊದ್ತಿತ್ತು, ಉಸಿರು ಕಟ್ತಿತ್ತು. ಅವಳು ಬಾಯಾರಿ ನಾಲಿಗೆ ಹೊರಗೆ ಚಾಚ್ಕೊಂಡು ಗೋಡೆ ನೆಕ್ಕೋಳು. ದೊಡ್ಡ ಮಗ ಜಯಕುಮಾರ್ ಅಡುಗೆಮನೆಗೆ ಬೀಗ ಹಾಕಿ ಮಲಗ್ತಿದ್ದ... ಅವಳ ಒಳ್ಳೇದಕ್ಕೇ. ಒಂದು ರಾತ್ರಿ ಅವಳು ಎದ್ದು ಬಾವಿಗೆ ಹೋದ್ಲು. ಬೆಳಗ್ಗೆ ನೋಡಿದ್ರೆ ಕೊಡ ಮೇಲಿತ್ತು, ಅವಳು ಕೆಳಗಿದ್ಲು.

ಇದಾಗಿ ಆರು ವರ್ಷ. ಆಮೇಲೆ ರಾಟೆ ಬಿಚ್ಚಿ ಹಾಕಿದ್ರು. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದ್ರು. ಮನೆಗೆ ಬೋರು ಹಾಕಿಸಿದ್ರು. ಆ ಬಾವಿ ನೀರನ್ನ ಯಾರೂ ಮುಟ್ಟಲ್ಲ.

ಆದ್ರೂ ಆ ದಾರಿಯಲ್ಲಿ ಹೋಗೋರಿಗೆ ಒಂದೊಂದ್ಸಲ ಕೇಳೋದು.

ಕಿರ್ರ್... ಟಕ್. ಕಿರ್ರ್... ಟಕ್.

ರಾಟೆ ಇಲ್ಲ. ಹಗ್ಗ ಇಲ್ಲ. ಯಾರೋ ನೀರು ಸೇದ್ತಿರೋ ಸದ್ದು ಮಾತ್ರ. ಕೇಳಿದ್ರೆ ತಿರುಗಿ ನೋಡಬಾರ್ದು, ಕರೆದ್ರೆ ಓ ಅನ್ನಬಾರ್ದು. ವಸಂತ ಆರು ವರ್ಷದಿಂದ ಹಂಗೇ ತಲೆ ಬಗ್ಗಿಸ್ಕೊಂಡು ದಾಟಿದ್ದ.

ಅವತ್ತೂ ಕೇಳ್ತು. ಕಿರ್ರ್... ಟಕ್. ತಲೆ ಬಗ್ಗಿಸಿದ.

"ವಸಂತಾ..."

ಹೆಜ್ಜೆ ಜೋರು ಮಾಡಿದ.

"ಎದೆ ನೋಯ್ತಾ ಐತೇನೋ ಮಗ?"

ನಿಂತ. ಎದೆ ನೋಯ್ತಿರಲಿಲ್ಲ. ಎಲ್ಲೂ ನೋಯ್ತಿರಲಿಲ್ಲ. ಇಡೀ ದಿನ ನಿಂತು ಕಾಲು ಸೋತಿತ್ತು ಅಷ್ಟೇ. ಬಾಯಿ ತಪ್ಪಿ ಅಂದ್ಬುಟ್ಟ.

"ಇಲ್ಲ ಕಣವ್ವ."

ಸದ್ದು ನಿಲ್ತು. ಜಾಲರಿ ಕೆಳಗಡೆ ಎಲ್ಲೋ ತೊಟ್... ತೊಟ್... ಅಂತ ಹನಿ ಬೀಳ್ತಿತ್ತು. ಆಮೇಲೆ ಪಿಸುಮಾತು. ಕಿವಿ ಪಕ್ಕದಲ್ಲೇ.

"ನೋಯ್ತದೆ. ನಿಮ್ಮಣ್ಣನ್ನ ನೆಚ್ಕೋಬೇಡ."

ಓಡಿದ. ಮನೆ ಗೇಟು ಹಿಡಿಯೋ ಹೊತ್ತಿಗೆ ಎದೆ ಮೇಲೆ ಯಾರೋ ಕಾಫಿ ಮೂಟೆ ಇಳಿಸಿದಂಗಾಯ್ತು. ಎಡಗೈ ಜೋಮು ಹಿಡೀತು. ಅಂಗಿ ಹಿಂಡಿದ್ರೆ ನೀರು ಬರೋ ಹಂಗೆ ಬೆವರು.

ಅವನ ಹೆಂಡತಿ ಹೇಮಶ್ರೀ ಮನೇಲಿರಲಿಲ್ಲ. ಆಲೂರಿನ ತವರಿಗೆ ಹೋಗಿದ್ಲು. ಒಂದೇ ಅಂಗಳ, ಎದುರಿನ ಮನೆ ಅಣ್ಣಂದು. ಯಾರನ್ನ ಕರೀತಾನೆ ಹೇಳಿ? ಬಾವಿ ಏನು ಬೇಕಾದ್ರೂ ಹೇಳ್ಲಿ. ಎದೆ ಹಿಡ್ಕೊಂಡವನು ಅಣ್ಣನ್ನೇ ಕರೆಯೋದು.

"ಅಣ್ಣಾ..."

ಜಯಕುಮಾರ್ ಊಟದ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬಂದ. "ಏನೋ ಇದು? ಈ ಚಳೀಲಿ ಹಿಂಗೆ ಬೆವರಿದ್ದೀಯ!"

ಅವನ ಹೆಂಡತಿ ಮಂಜುಶ್ರೀ ಹಿಂದೇನೇ ಬಂದ್ಲು. "ಬಾವಿ ಹತ್ರ ಗಾಳಿ ಸೋಕೈತೆ ಕಣ್ರೀ. ತಡೀರಿ, ಮೆಣಸಿನಕಾಯಿ ನೀವಾಳಿಸ್ತೀನಿ."

"ನಿನ್ನ ಮೆಣಸಿನಕಾಯಿ ಸಾರಿಗೆ ಹಾಕೇ. ಹತ್ತು ಗಾಡಿ!"

ಆ ಮಟ್ಟಿಗೆ ಜಯಣ್ಣಂದು ತಪ್ಪಿಲ್ಲ. ಓಮ್ನಿ ಹಿಂದಿನ ಸೀಟಲ್ಲಿ ಮಲಗಿಸಿ, ಮಂಜುಶ್ರೀ ತೊಡೆ ಮೇಲೆ ತಲೆ ಇಡಿಸಿ, ಹೆತ್ತೂರು ದಾಟಿ ಆ ತಿರುವುಗಳಲ್ಲಿ ಒಂದು ಗಂಟೇಲಿ ಸಕಲೇಶಪುರ ಮುಟ್ಟಿಸಿದ. ಅಲ್ಲಿ ಇಸಿಜಿ ತೆಗೆದು, ಮಾತ್ರೆ ಅಗಿಸಿ, ಹಾರ್ಟ್ ಅಟ್ಯಾಕು ಅಂದ್ರು. ಆಂಬುಲೆನ್ಸು ಬೇರೆ ಕಡೆ ಹೋಗೈತೆ, ಕಾಯಬೇಡಿ, ಹಾಸನಕ್ಕೆ ಹೊರಟ್ಬಿಡಿ, ನಾವು ಫೋನ್ ಮಾಡಿರ್ತೀವಿ ಅಂದ್ರು.

ಇಲ್ಲಿ ಒಂದು ವಿಷ್ಯ ಹೇಳಬೇಕು. ಇಲ್ಲದಿದ್ರೆ ಮುಂದಿಂದು ತಿಳಿಯಲ್ಲ.

ತಾಯಿ ಕಿಡ್ನಿ ಕಾಯಿಲೆ ವಸಂತನಿಗೂ ಬಂದಿತ್ತು. ಎರಡು ವರ್ಷದ ಹಿಂದೆ ಮೈಸೂರಲ್ಲಿ ರಕ್ತ ಪರೀಕ್ಷೆ ಮಾಡಿ, ಮೂರನೇ ಒಂದು ಭಾಗ ಮಾತ್ರ ಕೆಲಸ ಮಾಡ್ತೈತೆ, ಹುಷಾರಾಗಿರಿ ಅಂದಿದ್ರು. ಮುಂದೊಂದು ದಿನ ಯಾರಾದ್ರೂ ಒಂದು ಕಿಡ್ನಿ ಕೊಡಬೇಕಾಗಬಹುದು, ಒಡಹುಟ್ಟಿದವರದ್ದಾದ್ರೆ ಒಳ್ಳೇದು ಅಂತಲೂ ಅಂದಿದ್ರು. ಜಯಣ್ಣ ಆಗ ಜೊತೆಗೇ ಇದ್ದ. ಆ ವರ್ಷ ಹಿರಿಯರ ಹಬ್ಬದಲ್ಲಿ ಚೌಡತ್ತೆಗೆ ಎಡೆ ಇಟ್ಟಾಗ, ಅವಳ ಹೆಸರಿನ ಬಾಳೆ ಎಲೆ ಮುಟ್ಟಿ ಮಾತು ಕೊಟ್ಟ.

"ಅವ್ವನ ಎಲೆ ಮುಟ್ಟಿ ಹೇಳ್ತೀನಿ ಕಣೋ. ನಂದೊಂದು ನಿಂಗೇ."

ನಮ್ಮ ಕಡೆ ಎಡೆ ಎಲೆ ಮುಟ್ಟಿ ಹೇಳಿದ ಮಾತು ಸತ್ತವರಿಗೆ ನೇರ ಕೇಳಿಸ್ತದೆ ಅಂತಾರೆ. ಅದಕ್ಕೇ ಯಾರೂ ಸುಮ್ಮಸುಮ್ಮನೆ ಮುಟ್ಟಲ್ಲ. ಅವನು ಮುಟ್ಟಿದ. ಮುಟ್ಟಿ, "ನಿಮ್ಮತ್ತಿಗೆಗೆ ಮಾತ್ರ ಹೇಳಬೇಡ, ಹೆದರ್ಕೋತಾಳೆ. ಊರಿಗೂ ಬೇಡ" ಅಂದ. ಹಂಗಾಗಿ ವಸಂತನ ಕಿಡ್ನಿ ವಿಷ್ಯ ಗೊತ್ತಿದ್ದದ್ದು ಇಬ್ಬರಿಗೇ. ಹೆಂಡತಿ ಹೇಮಶ್ರೀಗೆ. ಅಣ್ಣ ಜಯಕುಮಾರ್‌ಗೆ.

ಮಂಜುಶ್ರೀ ಹೇಮಶ್ರೀಗೆ ಮೊದಲೇ ಸುದ್ದಿ ಮುಟ್ಟಿಸಿದ್ಲು. ಸಕಲೇಶಪುರದಿಂದ ಹೊರಟಾಗ ಅವಳ ಫೋನು. ಸ್ಪೀಕರ್‌ಗೆ ಹಾಕಿದ್ರು.

"ಭಾವ, ನಾನು ಆಲೂರು ಕ್ರಾಸಲ್ಲಿ ನಿಂತಿದ್ದೀನಿ. ಒಂದು ನಿಮಿಷ ನಿಲ್ಸಿ, ಹತ್ಕೋತೀನಿ."

"ಆಯ್ತಮ್ಮ."

ವಸಂತನಿಗೆ ಇನ್ನೂ ಎಚ್ಚರ ಇತ್ತು. ಕ್ರಾಸು ಬಂತು. ಗೂಡಂಗಡಿ ಲೈಟಿನ ಕೆಳಗೆ ಸೆರಗು ಹೊದ್ದು ರಸ್ತೆಗೆ ಇಳಿದು ಕೈ ಅಡ್ಡ ಹಿಡಿದ ಹೇಮಶ್ರೀ ಕಂಡಳು. ಗಾಡಿ ನಿಲ್ಲಲಿಲ್ಲ. ಅವಳ ಕೂಗು ಕಿಟಕಿ ಪಕ್ಕ ಬಂದು ಹಿಂದಕ್ಕೆ ಹೋಯ್ತು.

"ಅಯ್ಯೋ, ಹೇಮ ಕಣ್ರೀ ಅದು!" ಅಂದ್ಲು ಮಂಜುಶ್ರೀ.

"ನಿಲ್ಸಿದ್ರೆ ಹೊತ್ತಾಗ್ತದೆ. ಹಿಂದೆ ಬರ್ತಾಳೆ ಬಿಡು."

ಹೊತ್ತಿನ ಮಾತು ಅಂತಲೇ ವಸಂತನೂ ಅಂದ್ಕೊಂಡ. ಆಮೇಲೆ ಕಣ್ಣು ಕತ್ತಲೆ ಬಂತು.

ಹಾಸನದ ಆಸ್ಪತ್ರೆಯಲ್ಲಿ ಎದೆಗೆ ಕರೆಂಟ್ ಕೊಟ್ಟು ಎಬ್ಬಿಸಿದ್ರಂತೆ. ಎರಡು ಸಲ. ಮೊದಲು ವಾಪಸ್ ಬಂದಿದ್ದು ಕಿವಿ. ಪಕ್ಕದ ಮಷೀನು ಟೂಂಕ್... ಟೂಂಕ್... ಅಂತಿತ್ತು. ಮೂಗಿನ ಮೇಲಿನ ಮಾಸ್ಕಲ್ಲಿ ಗಾಳಿ ಸುಯ್ಯ್ ಅಂತಿತ್ತು. ಕಣ್ಣು ಅರೆ ಬಿಡಕ್ಕಾಗ್ತಿತ್ತು. ನಾಲಿಗೆ ಮಾತ್ರ ಹಂಚಿಗೆ ಅಂಟಿದ ರೊಟ್ಟಿ ಹಂಗೆ, ಏಳ್ಲೇ ಇಲ್ಲ.

ಕಾಲ ಬುಡದಲ್ಲಿ ಡಾಕ್ಟ್ರು ನಿಂತಿದ್ರು. ಹೆಸರು ಅಭಿಲಾಷ್. ಚಿಕ್ಕ ವಯಸ್ಸು, ಬಿಡಿಸಿ ಹೇಳ್ತಿದ್ರು.

"ನೋಡಿ, ಹೃದಯಕ್ಕೆ ಹೋಗೋ ರಕ್ತನಾಳ ಬ್ಲಾಕ್ ಆಗಿದೆ. ಈಗಲೇ ಸ್ಟೆಂಟ್ ಹಾಕ್ಬೇಕು. ನಾಳ ಎಕ್ಸ್‌ರೇಲಿ ಕಾಣ್ಬೇಕು ಅಂದ್ರೆ ಡೈ ಅಂತ ಒಂದು ಔಷಧಿ ಬಿಡ್ತೀವಿ. ಕಿಡ್ನಿ ಸರಿ ಇರೋರಿಗೆ ತೊಂದ್ರೆ ಇಲ್ಲ. ಕಿಡ್ನಿ ಕೆಟ್ಟಿರೋರಿಗೆ ಆ ಡೈನೇ ಕಿಡ್ನಿನ ಪೂರ್ತಿ ಮುಗಿಸಿಬಿಡಬಹುದು. ಅಂಥೋರಿಗೆ ನಾವು ಬೇರೆ ಥರ ಮಾಡ್ತೀವಿ. ರಕ್ತದ ರಿಪೋರ್ಟ್ ಬರೋವರೆಗೂ ಕಾಯೋಕಾಗಲ್ಲ, ಅದಕ್ಕೇ ಕೇಳ್ತಿದ್ದೀನಿ. ಇವ್ರಿಗೆ ಕಿಡ್ನಿ ತೊಂದ್ರೆ ಏನಾದ್ರೂ ಇದ್ಯಾ?"

ಟೂಂಕ್... ಟೂಂಕ್...

"ಇಲ್ಲ ಸಾರ್" ಅಂದ ಜಯಕುಮಾರ್.

"ಸರಿಯಾಗಿ ಹೇಳಿ."

"ಗಟ್ಟಿ ಆಳು ಸಾರ್. ದಿನಾ ಗುಡ್ಡ ಹತ್ತಿ ಇಳಿಯೋನು. ಏನೂ ಇಲ್ಲ."

"ಮನೇಲಿ ಯಾರಿಗಾದ್ರೂ? ತಂದೆ, ತಾಯಿ?"

"ಇಲ್ಲ ಸಾರ್. ಅವ್ವ ವಯಸ್ಸಾಗಿ ಹೋದ್ಲು."

"ಅಲ್ಲ ಕಣ್ರೀ, ಅತ್ತೇಗೆ..." ಅಂತ ಮಂಜುಶ್ರೀ ಬಾಯಿ ತೆಗೆದ್ಲು.

"ನೀ ಸುಮ್ಕಿರೇ, ನಿಂಗೇನು ಗೊತ್ತು!"

ಅಷ್ಟರಲ್ಲಿ ಡಾಕ್ಟ್ರನ್ನ ಒಳಗಿಂದ ಕರೆದ್ರು. ಅವರು ಬರ್ಕೊಂಡು, ಸಹಿ ಮಾಡಿಸ್ಕೊಂಡು ಹೊರಟ್ರು.

ವಸಂತ ಕಣ್ಣು ಬಿಟ್ಟ. ಪೂರ್ತಿ ಬಿಟ್ಟ. ಅಣ್ಣನ್ನೇ ನೋಡಿದ. ಬೆರಳು ಎತ್ತಿದ, ಒಂದೇ ಬೆರಳು. ಜಯಣ್ಣ ಅದನ್ನ ನೋಡಿದ. ನೋಡಿ... ಹೊದಿಕೆ ಎಳೆದು ಆ ಕೈ ಮುಚ್ಚಿ, ಹೊರಗೆ ಹೋಗ್ಬುಟ್ಟ.

ಇದನ್ನ ನನಗೆ ಹೇಳುವಾಗ ವಸಂತ ಎದೆ ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಹೊದಿಕೆ ಕಣೋ ಮಾರಾಯ" ಅಂದ. ಎರಡು ಸಲ ಅಂದ.

ಒಳಗೆ ತಗೊಂಡು ಹೋದ್ರು. ಮೇಲೆ ದೊಡ್ಡ ಬಾಗಿದ ಎಕ್ಸ್‌ರೇ ಮಷೀನು. ಪಕ್ಕದಲ್ಲಿ ಸಾಲಾಗಿ ಟಿವಿ. ಮಣಿಕಟ್ಟಲ್ಲಿ ಸೂಜಿ ಚುಚ್ಚಿ ತಂತಿ ಬಿಟ್ರು. ಡಾಕ್ಟ್ರ ಕೈಯಲ್ಲಿ ದಪ್ಪ ಸಿರಿಂಜು, ಅದರ ತುಂಬ ಡೈ. ವಸಂತ ತಲೆ ಆಡಿಸ್ತಾನೆ, ಬೇಡ ಬೇಡ ಅಂತ. "ಅಲುಗಾಡಬೇಡಿ, ಹೆದರಬೇಡಿ" ಅಂತಾರೆ. ಹೆದರಿಕೆ ಅಂತ ಅಂದ್ಕೊಂಡವ್ರೆ! ಮಾಸ್ಕ್ ಒಳಗೆ ಕಿಡ್ನಿ ಕಿಡ್ನಿ ಅಂತ ತುಟಿ ಆಡಿಸ್ತಾನೆ. ಸುಯ್ಯ್ ಅನ್ನೋ ಗಾಳಿಯೊಳಗೆ ಯಾರಿಗೆ ಕೇಳ್ತದೆ?

ಆಗ ಬಾಗಿಲು ದಡಕ್ ಅಂತ ತೆಗೀತು. ನರ್ಸು.

"ಸಾರ್, ಒಂದ್ನಿಮಿಷ. ಡೈ ಬಿಡಬೇಡಿ. ಇವ್ರಿಗೆ ಕಿಡ್ನಿ ಪ್ರಾಬ್ಲಮ್ ಇದ್ಯಂತೆ. ಮೈಸೂರಲ್ಲಿ ತೋರ್ಸಿದ್ದಾರಂತೆ. ಅವರ ತಾಯಿ ಹೇಳಿದ್ರು."

ಡಾಕ್ಟ್ರ ಕೈ ನಿಲ್ತು.

"ತಾಯಿನಾ? ತೀರ್ಕೊಂಡಿದ್ದಾರೆ ಅಂದ್ರಲ್ಲ."

"ಹೊರಗೆ ನಿಂತಿದ್ದಾರೆ ಸಾರ್."

ವಸಂತನ ಮೈ ಮೇಲಿನ ಕೂದಲೆಲ್ಲ ಎದ್ದು ನಿಲ್ತಂತೆ. ಡಾಕ್ಟ್ರು ಬಗ್ಗಿ ಅವನ ಮುಖ ನೋಡಿದ್ರು. "ಕಿಡ್ನಿ ತೊಂದ್ರೆ ಇದ್ಯಾ? ಹೌದು ಅಂದ್ರೆ ಕಣ್ಣು ಮುಚ್ಚಿ ಬಿಡಿ."

ಮುಚ್ಚಿ ಬಿಟ್ಟ. ನೀರು ಎರಡೂ ಕಡೆ ಇಳೀತು.

ಆಮೇಲೆ ಒಳಗೆ ನಡೆದಿದ್ದೇ ಬೇರೆ. ಒಂದು ಪೆಟ್ಟಿಗೆಯಂಥ ಮಷೀನು ತಳ್ಕೊಂಡು ಬಂದ್ರು. ಹುಲ್ಲುಕಡ್ಡಿಗಿಂತ ತೆಳ್ಳನೆ ಒಂದು ನಳಿಗೆ, ಅದರ ತುದಿಯಲ್ಲಿ ಸ್ಕ್ಯಾನು. ಬಸುರಿ ಹೆಂಗಸರ ಹೊಟ್ಟೆ ಮೇಲೆ ಆಡಿಸ್ತಾರಲ್ಲ, ಅದೇ ಥರದ್ದು, ಆದ್ರೆ ಇದು ರಕ್ತನಾಳದ ಒಳಗೇ ಹೋಗ್ತದೆ. ಹೊರಗಿಂದ ಡೈ ಸುರಿದು ನೋಡೋ ಬದಲು ಒಳಗಿಂದ್ಲೇ ನೋಡ್ಕೊಂಡು ಸ್ಟೆಂಟ್ ಕೂರಿಸೋದು. ಡೈ ಚೂರೇ ಚೂರು ಸಾಕು.

ಟಿವಿ ಮೇಲೆ ಚಿತ್ರ ಬಂತು. ವಸಂತ ತಲೆ ಓರೆ ಮಾಡಿ ನೋಡಿದ. ನಡುವೆ ಕಪ್ಪು ಗುಂಡಿ. ಸುತ್ತ ಬೂದಿ ಬಣ್ಣದ ಗೋಡೆ, ಸುತ್ತು ಸುತ್ತಾಗಿ ಕಟ್ಟಿದ ಗೋಡೆ. ಒಂದು ಕಡೆ ಬೆಳ್ಳಗೆ ಕಲ್ಲು ಕಟ್ಟಿದಂಗೆ. ಥೇಟ್ ಬಾವಿ ಮೇಲಿಂದ ಬಗ್ಗಿ ನೋಡಿದಂಗೆ.

"ಇಲ್ಲಿ ಸುಣ್ಣ ಕಟ್ಟಿದೆ. ಕಿಡ್ನಿ ತೊಂದ್ರೆ ಇರೋರಿಗೆ ಹಿಂಗೆ ಆಗುತ್ತೆ" ಅಂತ ಡಾಕ್ಟ್ರು ಪಕ್ಕದವರಿಗೆ ಹೇಳಿದ್ರು. "ಪುಲ್ ಬ್ಯಾಕ್ ಹಾಕಿ."

ನಳಿಗೆಯನ್ನ ನಿಧಾನಕ್ಕೆ ಹಿಂದಕ್ಕೆ ಎಳೆಯೋಕೆ ಒಂದು ಸಣ್ಣ ಮೋಟಾರು. ಅದು ಶುರುವಾಯ್ತು.

ಕಿರ್ರ್... ಟಕ್. ಕಿರ್ರ್... ಟಕ್.

ಆ ಮೋಟಾರು ಹಂಗೆ ಸದ್ದು ಮಾಡಲ್ಲ, ಗುಯ್ ಅಂತದೆ ಅಷ್ಟೇ ಅಂತ ಆಮೇಲೆ ನರ್ಸು ನನಗೆ ಹೇಳಿದ್ದು. ವಸಂತ ಕೇಳಿದ್ದು ಮಾತ್ರ ರಾಟೆ ಸದ್ದೇ. ಯಾರೋ ಅವನ ಎದೆಯೊಳಗಿಂದ ನೀರು ಸೇದ್ತಿದ್ರು. ಹೆದರಿಕೆ ಆಗಲಿಲ್ಲವಂತೆ. ಆ ಸದ್ದಿಗೇ ಕಣ್ಣು ಮುಚ್ಚಿದ. ಎದೆ ಮೇಲಿನ ಮೂಟೆ ಇಳೀತು.

ನರ್ಸು ಹೆಸರು ದೀಪಶ್ರೀ. ನಾನೇ ಹೋಗಿ ಮಾತಾಡಿಸಿದ್ದೀನಿ. ಆ ಹುಡುಗಿಗೆ ಸುಳ್ಳು ಹೇಳಿ ಆಗಬೇಕಾದ್ದೇನಿಲ್ಲ. ಹೇಳಿದ್ದು ಇಷ್ಟು.

"ಕೌಂಟರ್ ಹತ್ರ ಅಜ್ಜಿ ನಿಂತಿದ್ರು. ಸೀರೆ ಒದ್ದೆ. ಮಳೆ ಇಲ್ಲ ಏನಿಲ್ಲ. 'ಯಾಕಜ್ಜಿ ನೆನೆದಿದ್ದೀರಾ' ಅಂದೆ. 'ಕುಡಿಯಾಕೆ ನೀರು ಕೊಡವ್ವ' ಅಂದ್ರು. ಜಗ್ಗು ಕೊಟ್ಟೆ. ಜಗ್ಗೇ ಎತ್ತಿ ಗಟ ಗಟ ಗಟ ಕುಡಿದ್ರು. ಇನ್ನೊಂದು ಅಂದ್ರು. ಅದನ್ನೂ ಕುಡಿದ್ರು. ಉಸಿರೇ ತಗೊಳ್ಳಲಿಲ್ಲ ಅಣ್ಣ. ಆಮೇಲೆ, 'ಒಳಗವ್ನಲ್ಲ ವಸಂತ, ನನ್ನ ಚಿಕ್ಕ ಮಗ. ಅವನಿಗೂ ನನ್ನಂಗೇ ಕಿಡ್ನಿ. ಮೈಸೂರಲ್ಲಿ ತೋರ್ಸವ್ರೆ. ಆ ಬಣ್ಣದ ನೀರು ಬುಡಬ್ಯಾಡಿ ಅನ್ನು' ಅಂದ್ರು. 'ಅವರಣ್ಣ ಏನೂ ಇಲ್ಲ ಅಂದ್ರಲ್ಲ' ಅಂದೆ. 'ಅವನು ಸುಳ್ಳು ಹೇಳ್ತಾವ್ನೆ' ಅಂದ್ರು. ಅಷ್ಟೇ. ಸಿಟ್ಟಿಲ್ಲ ಏನಿಲ್ಲ, ಟೈಮ್ ಎಷ್ಟಾಯ್ತು ಅಂದಂಗೆ. ಕೇಸ್ ಶೀಟಲ್ಲಿ ಬರ್ಕೊಂಡೆ. ಹೇಳಿದವರು, ತಾಯಿ. ಓದಕ್ಕೆ ಬರಲ್ಲ ಅಂದ್ರು, ಹೆಬ್ಬೆಟ್ಟು ಒತ್ತಿಸ್ಕೊಂಡು ಒಳಗೆ ಓಡಿದೆ. ವಾಪಸ್ ಬಂದಾಗ ಇರಲಿಲ್ಲ. ಅವರು ನಿಂತಿದ್ದ ಜಾಗದಲ್ಲಿ ನೀರು. ಒರೆಸೋಕೆ ಆಯಾ ಕರೆದೆ."

ಡಾಕ್ಟ್ರು ಹೊರಗೆ ಬಂದಾಗ ಜಯಕುಮಾರ್, ಮಂಜುಶ್ರೀ ಬೆಂಚ್ ಮೇಲಿದ್ರು. ಹೇಮಶ್ರೀ ಆಗ ತಾನೇ ಒಂದು ಹಾಲಿನ ವ್ಯಾನಲ್ಲಿ ಬಂದು ಇಳಿದಿದ್ಲು.

"ಸ್ಟೆಂಟ್ ಹಾಕಿದೀವಿ. ಮೂರು ಚಮಚದಷ್ಟು ಡೈಯಲ್ಲೇ ಮುಗಿಸಿದೆ. ಕಿಡ್ನಿ ಉಳೀಬೇಕು. ಏನ್ರೀ ನೀವು, ಕಿಡ್ನಿ ತೊಂದ್ರೆ ಇಲ್ಲ ಅಂದ್ರಿ, ತಾಯಿ ಇಲ್ಲ ಅಂದ್ರಿ? ಪುಣ್ಯಕ್ಕೆ ನಿಮ್ಮ ತಾಯಿ ಬಂದು ಹೇಳಿದ್ರು."

"ನಮ್ಮತ್ತೆ ತೀರ್ಕೊಂಡು ಆರು ವರ್ಷ ಆಯ್ತು ಸಾರ್" ಅಂದ್ಲು ಹೇಮಶ್ರೀ.

ಡಾಕ್ಟ್ರು ಅವಳನ್ನ ನೋಡಿದ್ರು, ನರ್ಸನ್ನ ನೋಡಿದ್ರು. ಯಾರೋ ನಿಮ್ಮೂರಿನ ಅಜ್ಜಿ ಇರಬೇಕು ಅಂದು ಒಳಗೆ ಹೋದ್ರು. ನರ್ಸು ಕೇಸ್ ಶೀಟು ತೋರಿಸಿದ್ಲು. ಹೆಬ್ಬೆಟ್ಟಿನ ಶಾಯಿ ನೀರಿಗೆ ಹರಡ್ಕೊಂಡಿತ್ತು. ಜಯಣ್ಣ ಅದನ್ನ ನೋಡಿ ಕೂತಲ್ಲೇ ಕೂತ.

ಮೂರು ದಿನ ಬಿಟ್ಟು ವಾರ್ಡಿಗೆ ಬಂದ, ಕೈಯಲ್ಲಿ ಎಳನೀರು. ನಾನು ಮಂಗಳೂರಿಂದ ಅವತ್ತೇ ಬಂದು ಅಲ್ಲೇ ನಿಂತಿದ್ದೆ. ಕಿಡ್ನಿಯವರಿಗೆ ಎಳನೀರು ಕೊಡಬಾರ್ದು. ಅದೂ ಅವನಿಗೆ ಗೊತ್ತಿತ್ತು, ಅವ್ವನ ಕಾಲದಿಂದ. ಮರೆತು ತಂದನೋ, ಏನೋ...

"ಹೆಂಗಿದ್ದೀಯೋ?"

ವಸಂತ ಎಳನೀರು ನೋಡಿದ. ಆಮೇಲೆ ಅವನನ್ನ ನೋಡಿದ. "ಅಣ್ಣ, ನಂಗೆ ಕೇಳಿಸ್ತಿತ್ತು."

"ಏನು?"

"ಡಾಕ್ಟ್ರು ಕೇಳಿದ್ದು. ನೀನು ಹೇಳಿದ್ದು. ಎಲ್ಲಾ."

ಜಯಣ್ಣ ಮಂಚದ ಕಂಬಿ ಹಿಡ್ಕೊಂಡ. "ಗಾಬರೀಲಿ ಬಾಯಿಂದ ಬಂದ್ಬುಡ್ತು ಕಣೋ."

"ಆಲೂರು ಕ್ರಾಸಲ್ಲೂ ಗಾಬರಿನಾ ಭಾವ?" ಅಂದ್ಲು ಹೇಮಶ್ರೀ. "ನಿಮ್ಮ ಗಾಡಿ ಲೈಟು ನನ್ನ ಮುಖದ ಮೇಲೆ ಬಿತ್ತು. ನೀವು ನನ್ನ ನೋಡಿದ್ರಿ. ನೋಡಿ ಸ್ಟೇರಿಂಗು ಬಲಕ್ಕೆ ತಿರುಗಿಸಿದ್ರಿ. ನಾನು ಬಂದ್ರೆ ಹೇಳ್ತೀನಿ ಅಂತಾನೇ ಅಲ್ವಾ?"

"ಹೊತ್ತಾಗ್ತಿತ್ತಮ್ಮ..."

"ಸುಮ್ನಿರೇ ಹೇಮ." ವಸಂತನ ದನಿ ಎದ್ದಿರಲಿಲ್ಲ. "ಅಣ್ಣ, ನಿನ್ನ ಕಿಡ್ನಿ ನಾನು ಕೇಳಿದ್ನಾ? ಯಾವತ್ತಾದ್ರೂ?"

"ಇಲ್ಲ."

"ನೀನೇ ಎಲೆ ಮುಟ್ದೆ. ಕೊಡಲ್ಲ ಅಂದಿದ್ರೆ ಆಗಿತ್ತು. ಮಾರನೇ ದಿನ ಬೆಳಗ್ಗೆ ಬಂದು, ಆಗಲ್ಲ ಕಣೋ ವಸಂತ, ಹೆದ್ರಿಕೆ ಐತೆ ಅಂದಿದ್ರೆ, ಕಾಫಿ ಕುಡ್ದು ಹೋಗು ಅಂತಿದ್ದೆ."

ಜಯಣ್ಣ ಅಳ್ತಾ ಇದ್ದ. "ಆಸ್ಪತ್ರೇಲಿ ಕಿಡ್ನಿ ಅಂತ ಬರ್ಕೊಂಡ್ರೆ ಮುಂದೆ ಬಂದು ನನ್ನನ್ನೇ ಕೇಳ್ತಾರೆ ಅನ್ನಿಸ್ತು. ಮಂಜು ಪಕ್ಕದಲ್ಲೇ ನಿಂತಿದ್ಲು. ಒಂದೇ ಗಳಿಗೆ ಕಣೋ. ಬುದ್ಧಿ ಕೆಡ್ತು."

"ಒಂದಲ್ಲ. ನಾನು ಕಣ್ಣು ಬಿಟ್ಟೆ, ಬೆರಳು ಎತ್ತಿದೆ. ಆ ಗಳಿಗೆ ಬೇರೆ."

ಎಳನೀರನ್ನ ನಾನೇ ಕುಡಿದೆ, ಸುಳ್ಳೇನು.

ಬಾಗಿಲಲ್ಲಿ ಮಂಜುಶ್ರೀ ನಿಂತು ಎಲ್ಲಾ ಕೇಳಿಸ್ಕೊಂಡಿದ್ಲು. ಗಂಡ ಹೊರಗೆ ಬಂದಾಗ ತಡೆದ್ಲು. "ಕಿಡ್ನಿ ಕೊಡ್ತೀನಿ ಅಂದಿದ್ರಾ?" ಅವನು ತಲೆ ಆಡಿಸಿದ. "ನಂಗೆ ಹೇಳಿದ್ರೆ ಬೇಡ ಅಂತಿದ್ದೆ ಅಂದ್ಕೊಂಡ್ರಾ? ಹದಿನಾಲ್ಕು ವರ್ಷ ನಿಮ್ಮ ಜೊತೆ ಬಾಳಿದ್ದಕ್ಕೆ ನನ್ನನ್ನ ಇಷ್ಟೇ ಅಳೆದ್ರಾ?" ಅಂದು ಮುಂದೆ ನಡೆದ್ಲು. ಇಬ್ಬರೂ ಬೇರೆ ಬೇರೆ ಬಸ್ಸಲ್ಲಿ ಊರಿಗೆ ಹೋದ್ರು.

ವಸಂತನ ಕಿಡ್ನಿ ಅಷ್ಟಕ್ಕೇ ನಿಂತಿತು. ಒಂದು ವಾರಕ್ಕೆ, ಒಂದು ತಿಂಗಳಿಗೆ ರಕ್ತ ನೋಡಿದ್ರು. ಮೈಸೂರಲ್ಲಿ ಎಷ್ಟಿತ್ತೋ ಅಷ್ಟೇ. ಕೆಡಲೂ ಇಲ್ಲ, ಸುಧಾರಿಸಲೂ ಇಲ್ಲ. ಡೈ ತುಂಬ ಬಿಟ್ಟಿದ್ರೆ ಇಷ್ಟೊತ್ತಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಷೀನಿಗೆ ಕಟ್ಕೊಂಡಿರ್ತಿದ್ರಿ ಅಂದ್ರು ಡಾಕ್ಟ್ರು. ಒಂದೇ ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ರು. ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಅಣ್ಣನ ಗಾಡಿ ಸದ್ದಾದ್ರೆ ವಸಂತ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋನು.

ಹಿರಿಯರ ಹಬ್ಬ ಬಂತು. ಜಯಣ್ಣನ ಮನೇಲಿ ಎಡೆ. ಅನ್ನ, ಹಿಟ್ಟು, ಕೋಳಿ ಸಾರು, ಚೌಡತ್ತೆಗೆ ಇಷ್ಟ ಅಂತ ಎಳೆ ಬಿದಿರಿನ ಕಳಲೆ ಪಲ್ಯ. ನೀರಿನ ಲೋಟ ಇಡೋಕೆ ಬಗ್ಗಿದವನು ಬಗ್ಗಿದಂಗೇ ನಿಂತ. ಎಲೆ ಹತ್ರ ಕೈ ಹೋಗಲ್ಲ. ಮಂಜುಶ್ರೀನೇ ಲೋಟ ಕಿತ್ಕೊಂಡು ಇಟ್ಲು.

"ಇಡಕ್ಕಾಗಲ್ಲ ಅಲ್ವಾ? ಎಲೆ ಮುಟ್ಟಿ ಕೊಟ್ಟ ಮಾತು ಕುತ್ತಿಗೇಲೈತೆ. ಕೊಡೋದು ಬಿಡೋದು ಆಮೇಲಿನ ಮಾತು. ನಿಮ್ಮದು ಹೊಂದ್ತದಾ ಇಲ್ವಾ ಅಂತಾದ್ರೂ ನೋಡಿಸ್ಬನ್ನಿ. ಆ ರಿಪೋರ್ಟು ತಗೊಂಡೋಗಿ ಅವರ ಬಾಗಿಲು ತಟ್ರಿ. ಬರಿಗೈಲಿ ಹೋದ್ರೆ ಅವರು ತೆಗೆಯಲ್ಲ."

ಮಾರನೇ ವಾರ ಹಾಸನಕ್ಕೆ ಹೋದ್ರು, ಗಂಡ ಹೆಂಡತಿ ಇಬ್ಬರೂ. ನಾನೇ ಗಾಡಿ ಓಡಿಸಿದ್ದು, ಅವನ ಕೈ ನಂಬೋ ಹಂಗಿರಲಿಲ್ಲ. ದಾರಿ ಉದ್ದಕ್ಕೂ ಅವನು ಒಂದೇ ಮಾತು. "ಹೊಂದಿದ್ರೆ ಕೊಟ್ಬಿಡ್ತೀನಿ ಕಣೋ. ಈ ಸಲ ಕೊಟ್ಬಿಡ್ತೀನಿ." ಮಂಜುಶ್ರೀ ಕಿಟಕಿ ಕಡೆ ನೋಡ್ಕೊಂಡು ಕೂತಿದ್ಲು.

ಸ್ಕ್ಯಾನಿಂಗ್ ಮಾಡೋರು ಒಬ್ಬ ಡಾಕ್ಟ್ರಮ್ಮ. ಹೊಟ್ಟೆಗೆ ತಣ್ಣನೆ ಜೆಲ್ಲು ಹಚ್ಚಿ ಬಲಗಡೆ ನೋಡಿದ್ರು. "ಚೆನ್ನಾಗಿದೆ" ಅಂದ್ರು. ಎಡಕ್ಕೆ ಹೊರಳಿಸಿ ನೋಡಿದ್ರು. ಇನ್ನೊಮ್ಮೆ ಜೆಲ್ಲು ಹಾಕಿದ್ರು. ಬೆನ್ನು ಕಡೆಯಿಂದ ನೋಡಿದ್ರು. ಒತ್ತಿ ಒತ್ತಿ ನೋಡಿದ್ರು. ಆಮೇಲೆ ಅಂಗಿ ಸರಿಸಿ ಸೊಂಟದ ಸುತ್ತ ಹೊಲಿಗೆ ಗುರುತು ಹುಡುಕಿದ್ರು. ಚರ್ಮ ನುಣ್ಣಗಿತ್ತು.

"ಎಡಗಡೆ ಕಿಡ್ನಿ ಯಾವಾಗ ತೆಗೆಸಿದ್ರಿ?" ಅಂದ್ರು.

ಜಯಣ್ಣ ಅವರ ಮುಖವನ್ನೇ ನೋಡ್ತಾ ಮಲಗಿದ್ದ.

ಕೆಲವರಿಗೆ ಹುಟ್ಟಿನಿಂದ್ಲೇ ಒಂದಿರ್ತದೆ, ಗಾಬರಿ ಬೇಡ, ಆದ್ರೆ ನೀವು ಯಾರಿಗೂ ಕೊಡೋ ಹಂಗಿಲ್ಲ ಅಂತ ಹೇಳಿ ಕಳಿಸಿದ್ರು. ಇರಬಹುದು. ಆದ್ರೆ ಎಂಟು ವರ್ಷದ ಹಿಂದೆ ಕಲ್ಲು ಅಂತ ಅವನಿಗೆ ಹೊಟ್ಟೆ ನೋವು ಬಂದು, ಅದೇ ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದ್ದ ಹಳೇ ಫಿಲಂ ಮಂಜುಶ್ರೀ ಪೆಟ್ಟಿಗೇಲಿತ್ತು. ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದು ನಾನೇ ನೋಡಿದ್ದೀನಿ. ನಂಗೆ ಇಂಗ್ಲಿಷು ಬರಲ್ಲ, ಎಣಿಸೋಕೆ ಬರ್ತದೆ. ಹಳೇದರಲ್ಲಿ ಎರಡು. ಎಲೆ ಮುಟ್ಟಿ ಕೊಡ್ತೀನಿ ಅಂದಿದ್ದು ಒಂದು. ಹೊಸದರಲ್ಲಿ ಒಂದು.